ನೀಹಾರಿಕೆಗೆ ನಾನು ಹಾಕಿದ ಬಣ್ಣ

ಫೆಬ್ರವರಿ 3

ಪ್ರೀತಿಯ ಗುಬ್ಬಿ,

ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ನಿನ್ನ ಭಾವ ಲೋಕಕ್ಕೆಲ್ಲ ಕಾಣುವ ಮನುಷ್ಯನಾಗಿರುತ್ತಾನೆ. ಬಟ್ಟೆ ಅದ್ದುವ ನಮ್ಮ ಬಣ್ಣದ ಮನೆಗೆ ಒಂದು ವೆಬ್‌ಸೈಟ್ ಮಾಡಿದ್ದೇನೆ. ನಗಬೇಡ. ನಗುತ್ತೀಯ ಎಂದು ಗೊತ್ತಿದ್ದೇ ಫೋನ್ ಮಾಡದೆ ಪತ್ರ ಬರೆಯುತ್ತಿದ್ದೇನೆ. ನಿನ್ನ ನಗು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಆರಿರುತ್ತದೆ.

ಕಂಪ್ಯೂಟರಿನ ಸಂಜೆ ತರಗತಿಗೆ ಸೇರಿದ್ದು ಮಗಳ ಕಾಟಕ್ಕೆ. ನಿನ್ನಕ್ಕ ಹೋದ ಮೇಲೆ ಸಂಜೆಗಳು ಉದ್ದವಾಗಿವೆ, ಅದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. "ಅಪ್ಪಾ, ದಿನಾ ಸಂಜೆ ತೊಟ್ಟಿ ಮುಂದೆ ಕೂತು ಅದರ ಜೊತೆ ಮಾತಾಡ್ತೀರ. ಅದು ಉತ್ತರ ಕೊಡೋದಕ್ಕೆ ಶುರು ಮಾಡೋಕೆ ಮುಂಚೆ ಏನಾದ್ರೂ ಕಲೀರಿ" ಎಂದಳು. ಹೋದೆ. ಟೀಚರಮ್ಮನಿಗೆ ನಮ್ಮ ಮಗಳಿಗಿಂತ ಕಡಿಮೆ ವಯಸ್ಸು, ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗಿಂತ ಹೆಚ್ಚು ಗತ್ತು.

ಮೊದಲ ವಾರ ನಾನು ಯಾರದೋ ಸೈಟಿನಿಂದ ಒಂದು ನವಿಲಿನ ಚಿತ್ರ ಎತ್ತಿಕೊಂಡು ಬಂದು ಅಂಟಿಸಿದ್ದೆ. "ಇದು ಯಾರ ಫೋಟೋ ಸರ್?" ಎಂದಳು. ನವಿಲಿನದು ಎಂದೆ. ಇಡೀ ಕ್ಲಾಸು ನಕ್ಕಿತು. ತೆಗೆದವರನ್ನು ಕೇಳದೆ ಹಾಕಿಕೊಳ್ಳುವ ಹಾಗಿಲ್ಲವಂತೆ. ಆಮೇಲೆ ಅವಳೇ ಒಂದು ಬಾಹ್ಯಾಕಾಶ ಸಂಸ್ಥೆಯ ಚಿತ್ರ ಭಂಡಾರ ತೆರೆದು ತೋರಿಸಿದಳು. ಗುಬ್ಬಿ, ಗ್ರಹಗಳು, ಉಂಗುರಗಳು, ನಕ್ಷತ್ರ ಹುಟ್ಟುವ ಮೋಡಗಳು, ಎಲ್ಲ ರಾಶಿ ಬಿದ್ದಿವೆ. ಜನರ ತೆರಿಗೆಯಲ್ಲಿ ತೆಗೆದ ಚಿತ್ರ, ಆದ್ದರಿಂದ ಜನರದ್ದೇ. ಪಬ್ಲಿಕ್ ಡೊಮೈನ್.

"ಹಾಗಾದ್ರೆ ಯಾರನ್ನ ಕೇಳ್ಬೇಕಮ್ಮ?"

"ಯಾರನ್ನೂ ಕೇಳ್ಬೇಕಾಗಿಲ್ಲ ಸರ್. ಒಂದೊಂದಕ್ಕೆ ಬೇರೆಯವರ ಹಕ್ಕು ಇರುತ್ತೆ, ಅದನ್ನ ಕೆಳಗೆ ಬರೆದಿರ್ತಾರೆ, ಓದ್ಕೊಳ್ಳಿ. ಇಲ್ದಿದ್ರೆ ತಗೊಳ್ಳಿ, ಅಷ್ಟೇ."

"ಅಷ್ಟು ದೊಡ್ಡ ಆಕಾಶ ತಗೊಂಡು ಹೇಳದೆ ಕೇಳದೆ ಬರೋದು ಹೇಗೆ?"

"ಬೇಕಿದ್ರೆ ಕೆಳಗಡೆ ಅವರ ಹೆಸರು ಹಾಕಿ. ಮರ್ಯಾದೆ."

ನನಗೆ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದು ಕಾಲೇಜಿನ ಇಂಗ್ಲಿಷನ್ನೆಲ್ಲ ಕೊಡವಿ ಅವರಿಗೊಂದು ಪತ್ರ ಬರೆದೆ. ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ಬೆಗ್ ಟು ಬಾರೋ ಒನ್ ಕ್ಲೌಡ್, ಕೈಂಡ್ಲಿ ಡು ದ ನೀಡ್‌ಫುಲ್. ಮೋಡವನ್ನು ಯಾವಾಗ ಹಿಂದಿರುಗಿಸುತ್ತೇನೆ ಎಂದು ಬರೆಯಬೇಕೋ ಬೇಡವೋ ತಿಳಿಯಲಿಲ್ಲ, ಬಿಟ್ಟೆ. ಗೌರವಕ್ಕೆ ಅವರ ದುಂಡನೆಯ ಲಾಂಛನವನ್ನೂ ಪುಟದ ಮೇಲೆ ಹಾಕಿದ್ದೆ. ಟೀಚರಮ್ಮ ಅದನ್ನು ತೆಗೆಸಿದಳು. ಚಿತ್ರ ಎಲ್ಲರದ್ದು, ಲಾಂಛನ ಮಾತ್ರ ಅವರದ್ದಂತೆ. "ರಾಕೆಟ್ ಬಿಡೋರೇ ನಿಮ್ಮ ಬಣ್ಣಕ್ಕೆ ಸರ್ಟಿಫಿಕೇಟ್ ಕೊಟ್ಟ ಹಾಗೆ ಕಾಣುತ್ತೆ ಸರ್" ಎಂದಳು. ಕೊಟ್ಟರೆ ಬೇಡವೆನ್ನುತ್ತಿದ್ದೆನೇ?

ಕೊನೆಗೆ ಒಂದು ನೀಹಾರಿಕೆ, ಅದೇ ನಕ್ಷತ್ರ ಹುಟ್ಟುವ ಮೋಡ, ಆರಿಸಿದೆ. ಪುಟದ ತುಂಬ ಅದೇ, ಅದರ ಮೇಲೆ ಬಣ್ಣದ ಮನೆಯ ಹೆಸರು. ಬಿಳಿ ಅಕ್ಷರ ಎಲ್ಲಿಟ್ಟರೂ ಕೆಳಗೊಂದು ನಕ್ಷತ್ರ ಬಂದು ನಿಲ್ಲುತ್ತಿತ್ತು. ಅಷ್ಟು ದೊಡ್ಡ ಆಕಾಶದಲ್ಲಿ ಒಂದು ಸಾಲು ಬರೆಯಲು ಖಾಲಿ ಜಾಗವಿಲ್ಲ ನೋಡು. ಹುಡುಕಿ ಹುಡುಕಿ ಒಂದು ಕತ್ತಲೆಯ ಮೂಲೆ ಹಿಡಿದೆ. ಚಿತ್ರದಲ್ಲಿ ಒಂದೇ ದೋಷವೆಂದರೆ ನೀಲಿ ಸತ್ತುಹೋಗಿತ್ತು. ತೊಳೆದ ನೀರಿನಂತೆ ಮಂಕು. ನಾನು ಬಿಡುತ್ತೇನೆಯೇ? ಕಂಪ್ಯೂಟರಿನಲ್ಲಿ ನೀಲಿಯ ಗುಂಡಿಯನ್ನು ಸರಿಸುತ್ತ ಸರಿಸುತ್ತ ನಿಜವಾದ ರಾತ್ರಿಯ ಆಕಾಶಕ್ಕೆ ತಂದು ನಿಲ್ಲಿಸಿದ್ದೇನೆ. ನೀನು ಪ್ರೆಸ್ಸಿನಲ್ಲಿ ದಿನವಿಡೀ ಬಣ್ಣ ನೋಡಿ ಸರಿ ತಪ್ಪು ಹೇಳುವವಳು. ನೋಡಿ ಹೇಳು.

ಇನ್ನೊಂದು ಮಾತು. ದೊಡ್ಡ ತೊಟ್ಟಿಗಳೆರಡೂ ಹೋದ ವರ್ಷದಿಂದ ತಣ್ಣಗಿವೆ. ರಟ್ಟಿನ ಡಬ್ಬಿ ಮಾಡುವ ಕಂಪನಿಯವರು ಅವು ಇರುವ ಹಜಾರವನ್ನು ಗೋದಾಮಿಗೆ ಕೇಳುತ್ತಿದ್ದಾರೆ. ಬೇಸಿಗೆಯೊಳಗೆ ತೊಟ್ಟಿ ಬಿಸಿಯಾಗದಿದ್ದರೆ ಹೂಂ ಎನ್ನುತ್ತೇನೆ ಎಂದು ಮಗಳು ಹೇಳಿಬಿಟ್ಟಿದ್ದಾಳೆ. ಅವಳದ್ದೂ ತಪ್ಪಲ್ಲ. ಹಾಗಾಗಿ ಈ ಮೋಡದ ಮೇಲೆ ಭಾರ ಹಾಕಿ ಕುಳಿತಿದ್ದೇನೆ.

ಯುವರ್ಸ್ ಫೇತ್‌ಫುಲಿ (ನೆಂಟರಿಗೆ ಹೀಗೆ ಬರೆಯಬಾರದು ಎಂದು ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು, ಹೇಗೆ ಬರೆಯಬೇಕು ಎಂದು ಹೇಳಿದ ದಿನ ನಾನು ಕ್ಲಾಸಿನಲ್ಲಿರಲಿಲ್ಲ),
ನಿನ್ನ ಭಾವ

*

ಫೆಬ್ರವರಿ 15

ಭಾವ,

ನಕ್ಕೆ. ಆರುವ ಮೊದಲೇ ಈ ಪತ್ರಕ್ಕೆ ಹಾಕಿ ಕಳಿಸುತ್ತಿದ್ದೇನೆ, ಬಿಸಿಯಾಗಿಯೇ ತಗೊಳ್ಳಿ.

ನಿಮ್ಮ ವೆಬ್‌ಸೈಟನ್ನು ಪ್ರೆಸ್ಸಿನಲ್ಲಿ ಎಲ್ಲರಿಗೂ ತೋರಿಸಿದೆ. ಬಣ್ಣದ ಮನೆ ಎಂದರೆ ಬಕೆಟ್ಟು, ಹಗ್ಗ, ಒದ್ದೆ ಬಟ್ಟೆ ಎಂದುಕೊಂಡಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಮೆಷಿನ್ ಓಡಿಸುವ ಯಜಮಾನರು "ನಿಮ್ಮ ಭಾವ ಬಟ್ಟೆಗೆ ಬಣ್ಣ ಹಾಕ್ತಾರೋ, ಬ್ರಹ್ಮಾಂಡಕ್ಕೋ?" ಎಂದು ಕೇಳಿದರು. ಎರಡಕ್ಕೂ, ಆದರೆ ಬ್ರಹ್ಮಾಂಡಕ್ಕೆ ಮುಂಗಡ ಕೊಡಬೇಕು ಎಂದೆ. ಅಕ್ಷರವಿಟ್ಟ ಮೂಲೆ ಚೆನ್ನಾಗಿದೆ. ಪುಟ ತೆರೆಯಲು ಮಾತ್ರ ಬಹಳ ಹೊತ್ತು ಹಿಡಿಯುತ್ತದೆ, ಚಿತ್ರದ ಗಾತ್ರ ಇಳಿಸಿ. ದೂರದರ್ಶಕಕ್ಕೆ ಬೇಕಾದಷ್ಟು ವಿವರ ಗಿರಾಕಿಗೆ ಬೇಡ.

ಭಂಡಾರದಿಂದ ಮೂಲ ಚಿತ್ರವನ್ನು ನಾನೂ ಇಳಿಸಿಕೊಂಡೆ. ಎಲ್ಲರದ್ದೂ ಆಗಿರುವುದರಿಂದ ಇದೊಂದು ಅನುಕೂಲ, ನಿಮ್ಮದರ ಪಕ್ಕ ಅಸಲನ್ನು ಯಾರು ಬೇಕಾದರೂ ಇಟ್ಟು ನೋಡಬಹುದು. ಎರಡನ್ನೂ ಅಚ್ಚು ಹಾಕಿ ಇದರೊಳಗಿಟ್ಟಿದ್ದೇನೆ. ನೋಡಿ ಬರೆಯಿರಿ.

ಜೊತೆಗೆ ಒಂದು ರಟ್ಟಿನ ಮೇಲೆ ಎರಡು ಪಟ್ಟಿ ಅಂಟಿಸಿದ್ದೇನೆ. ಮೇಲಿನದು ಯಾವ ಬಣ್ಣ, ಕೆಳಗಿನದು ಯಾವ ಬಣ್ಣ, ಒಂದು ಸಾಲು ಬರೆಯಿರಿ. ಇಲ್ಲಿ ನಮ್ಮೊಳಗೊಂದು ಪಂದ್ಯ ನಡೆಯುತ್ತಿದೆ.

ಮಗಳಿಗೆ ನನ್ನ ಮುದ್ದು ತಿಳಿಸಿ.

ಗುಬ್ಬಿ

*

ಮಾರ್ಚ್ 2

ಗುಬ್ಬಿ, ಗುಬ್ಬಿ,

ತೊಟ್ಟಿ ಬಿಸಿಯಾಗುತ್ತಿದೆ. ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು.

ಹೋದ ವಾರ ಒಬ್ಬರು ಬಂದರು. ಉದ್ದ ಕೋಟು, ಸಣ್ಣ ಧ್ವನಿ. ಹೊಸದಾಗಿ ದುರಸ್ತಿಯಾದ ನಾಟಕ ಮಂದಿರದ ಮ್ಯಾನೇಜರಂತೆ. ಬಂದವರೇ ಫೋನು ತೆಗೆದು ನಮ್ಮ ಪುಟ ತೋರಿಸಿ "ಈ ನೀಲಿ ನಿಮ್ಮದೇನಾ?" ಎಂದರು. ಮೋಡ ನನ್ನದಲ್ಲ, ಅದು ಎಲ್ಲರದ್ದು, ನೀಲಿ ಮಾತ್ರ ನನ್ನದು ಎಂದೆ.

"ನಮ್ಮ ರಂಗದ ಮುಂಪರದೆಗೆ ಇದೇ ಬೇಕು. ಇದೇ ಅಂದ್ರೆ ಇದೇ. ಇದರ ಅಕ್ಕ ತಂಗಿ ಬೇಡ."

"ಆಗಲಿ ಸ್ವಾಮಿ."

"ಐದು ಕಡೆ ಕೇಳಿದೆ. ಎಲ್ರೂ ನೇವಿ ಬ್ಲೂ ತಂದು ಮುಂದಿಡ್ತಾರೆ. ಸ್ಕೂಲ್ ಹುಡುಗರ ಪ್ಯಾಂಟಿನ ಹಾಗಿದೆ."

ಮಗಳು ಒಳಗಿನಿಂದ ಅಳತೆಯ ಟೇಪು ಹಿಡಿದುಕೊಂಡೇ ಬಂದಳು. ಅವಳ ಮುಖದಲ್ಲಿ ಅಂಥ ಗೆಲವು ನೋಡಿ ಎಷ್ಟು ಕಾಲವಾಗಿತ್ತು. ಇಡೀ ಮಂದಿರದ ಪರದೆ, ದಪ್ಪ ಹತ್ತಿಯ ಬಟ್ಟೆ, ಪಟ್ಟಿ ಪಟ್ಟಿಯಾಗಿ ಅದ್ದಿ ಆಮೇಲೆ ಹೊಲಿಯಬೇಕು. ದೊಡ್ಡ ತೊಟ್ಟಿಗಳಿಗಲ್ಲದೆ ಬೇರೆ ಯಾವುದಕ್ಕೂ ದಕ್ಕುವ ಕೆಲಸವಲ್ಲ. ಡಬ್ಬಿ ಕಂಪನಿಯವರಿಗೆ ಸ್ವಲ್ಪ ತಡೆಯಿರಿ ಎಂದು ಅವಳೇ ಫೋನ್ ಮಾಡಿದಳು. ಇದು ಸರಿಯಾಗಿ ಬಂದರೆ ತೊಟ್ಟಿ ಉಳಿಯಿತು. ಕೆಟ್ಟರೆ ಹಜಾರದ ತುಂಬ ರಟ್ಟಿನ ಡಬ್ಬಿ. ಅಷ್ಟೇ ಲೆಕ್ಕ.

ನಿನ್ನ ಪಟ್ಟಿಗಳ ವಿಷಯ ಮರೆತಿಲ್ಲ. ಎರಡೂ ಕಪ್ಪು. ಮೇಲಿನದು ಒಂದು ಗುಲಗಂಜಿಯಷ್ಟು ಹೆಚ್ಚು ಕಪ್ಪು, ಅಷ್ಟೇ. ಇದನ್ನೂ ಒಂದು ಪಂದ್ಯ ಎನ್ನುತ್ತೀರಾ? ನಿಮ್ಮ ಪ್ರೆಸ್ಸಿನಲ್ಲಿ ಕೆಲಸ ಕಡಿಮೆಯಾಗಿರಬೇಕು. ಅಚ್ಚು ಹಾಕಿದ ಚಿತ್ರಗಳನ್ನೂ ನೋಡಿದೆ. ನಾನು ತಿದ್ದಿದ್ದೇ ಸರಿ. ಅಸಲು ಇನ್ನೂ ಒಂದು ಸಲ ಜಾಲಾಡಿಸಬೇಕಾದ ಬಟ್ಟೆಯ ಹಾಗಿದೆ. ವಿತ್ ಡ್ಯೂ ರೆಸ್ಪೆಕ್ಟ್ ಟು ಆಲ್ ಸೈಂಟಿಸ್ಟ್ಸ್.

ಚಿತ್ರದ ಗಾತ್ರ ಇಳಿಸಿದ್ದೇನೆ. ಈಗ ಪುಟ ಬೇಗ ತೆರೆಯುತ್ತದೆ. ಮೊದಲು ನಾನು ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಮೋಡ ಬಂದಿರುತ್ತಿತ್ತು.

ಬಿಸಿ ತೊಟ್ಟಿಯ ಪಕ್ಕದಿಂದ,
ಭಾವ

*

ಮಾರ್ಚ್ 7

ಭಾವ,

ಕೆಲಸ ಸಿಕ್ಕಿದ್ದು ಕೇಳಿ ಎಷ್ಟು ಸಂತೋಷವಾಯಿತೆಂದರೆ ಊಟದ ಹೊತ್ತಿನಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದೆ.

ಪಂದ್ಯ ಸುಳ್ಳು. ಮೇಲಿನ ಪಟ್ಟಿ ಕಪ್ಪು. ಕೆಳಗಿನದು ನೀಲಿ. ಅನುಮಾನಕ್ಕೆ ಎಡೆಯಿಲ್ಲದ ನೀಲಿ, ಇಲ್ಲಿ ಯಾರಿಗೆ ತೋರಿಸಿದರೂ ನೀಲಿ ಎಂದರು.

ನಿಮ್ಮ ಕಣ್ಣಿನ ಮಸೂರ ಹಳದಿಯಾಗಿದೆ ಭಾವ. ಪೊರೆ ಬಂದಿದೆ. ವಯಸ್ಸಿಗೆ ಬರುವಂಥದ್ದೇ, ಇದರಲ್ಲಿ ಅವಮಾನ ಏನಿಲ್ಲ. ನೀಲಿ ನಿಮ್ಮೊಳಗೆ ಬರುವಷ್ಟರಲ್ಲಿ ಅರ್ಧ ಸೋಸಿಹೋಗುತ್ತದೆ. ಅದಕ್ಕೇ ಆ ಚಿತ್ರಕ್ಕೆ ಸುರಿದಿದ್ದೀರಿ. ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಎನ್ನುತ್ತೀರಿ. ಗಿರಾಕಿ ಕೊಟ್ಟ ತುಂಡನ್ನೂ ನೀವು ಅದ್ದಿದ ತುಂಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೀರಿ, ಎರಡೂ ಅದೇ ಕಣ್ಣಿನಿಂದ ಒಳಗೆ ಹೋಗುತ್ತವೆ, ಹೊಂದುತ್ತವೆ. ಆಕಾಶದ ತುಂಡು ತಂದುಕೊಟ್ಟವರು ಯಾರೂ ಇರಲಿಲ್ಲವಲ್ಲ, ನೆನಪಿನಿಂದ ಹಾಕಿದಿರಿ, ಸಿಕ್ಕಿಬಿದ್ದಿರಿ.

ಪರದೆಗೆ ಕೈ ಹಾಕುವ ಮೊದಲು ಡಾಕ್ಟರ ಹತ್ತಿರ ಹೋಗಿ. ಮಗಳಿಗೆ ನೀವೇ ಹೇಳಿ. ನಾನು ಹೇಳುವುದಿಲ್ಲ.

ಸಿಟ್ಟು ಮಾಡಿಕೊಳ್ಳಿ, ಪರವಾಗಿಲ್ಲ. ಮಾಡಿಕೊಂಡೇ ಹೋಗಿ.

ಗುಬ್ಬಿ

*

ಏಪ್ರಿಲ್ 10

ಪ್ರೀತಿಯ ಗುಬ್ಬಿ,

ಸಿಟ್ಟು ಬಂದಿತ್ತು. ನಿನ್ನ ಪತ್ರವನ್ನು ಹಂಡೆಯ ಕೆಳಗೆ ಹಾಕಲು ಎರಡು ಸಲ ಕೆಳಗಿಳಿದೆ. ಇಷ್ಟು ವರ್ಷ ಬಣ್ಣ ನೋಡಿದವನಿಗೆ ಕಪ್ಪು ಯಾವುದು ನೀಲಿ ಯಾವುದು ಎಂದು ಹೇಳಿಕೊಡಲು ಹೊರಟ ಪುಟಾಣಿ ನಾದಿನಿ. ಆಮೇಲೆ ಒಂದು ಬೆಳಿಗ್ಗೆ ನಿನ್ನ ರಟ್ಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತೆ. ಎರಡೂ ಕಪ್ಪೇ. ಮಗಳನ್ನು ಕರೆದು "ಕೆಳಗಿನದು ಏನಮ್ಮ?" ಎಂದೆ. ಅವಳು ರಟ್ಟನ್ನು ನೋಡದೆ ನನ್ನನ್ನು ನೋಡಿದಳು.

"ನೀಲಿ ಅಪ್ಪಾ."

"ನಿನಗೆ ಗೊತ್ತಿತ್ತಾ?"

"ನೀಲಿ ಅದ್ದಿದ ಬಟ್ಟೆನೆಲ್ಲ ನೀವು ನೋಡಿದ ಮೇಲೆ ನಾನೊಂದು ಸಲ ನೋಡ್ತಿದ್ದೆ. ಕಸ ಗುಡಿಸೋ ನೆಪದಲ್ಲಿ."

ಅಂಗಳ ಅಷ್ಟು ಚೊಕ್ಕಟವಾಗಿದ್ದದ್ದು ಯಾಕೆ ಎಂದು ಈಗ ತಿಳಿಯಿತು.

ಡಾಕ್ಟರು ಒಳ್ಳೆಯವರು. ಕಣ್ಣಿಗೆ ದೀಪ ಬಿಟ್ಟು "ಏನು ಯಜಮಾನ್ರೇ, ಇಷ್ಟು ದಿನ ಚಹಾದೊಳಗಿಂದ ಪ್ರಪಂಚ ನೋಡ್ತಿದ್ರಲ್ಲ" ಎಂದರು. ಹಾಲು ಹಾಕಿದ್ದಾ, ಹಾಕದ್ದಾ ಎಂದೆ. "ಎಡಗಣ್ಣಿಗೆ ಹಾಲಿಲ್ಲ, ಡಿಕಾಕ್ಷನ್ನೇ" ಎಂದರು. ಬಲಗಣ್ಣಿನ ಆಪರೇಷನ್ ಮುಗಿದಿದೆ. ನೋವಿಲ್ಲ, ಏನಿಲ್ಲ. ಒಂದು ಹೊಸ ಮಸೂರ ಕೂರಿಸಿ ಮನೆಗೆ ಕಳಿಸಿದರು.

ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಮ್ಮನ ಏಪ್ರನ್ನು. ಬಿಳಿ. ಗುಬ್ಬಿ, ಬಿಳಿ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಮನೆಗೆ ಬಂದರೆ ನಮ್ಮ ಕೆನೆಬಣ್ಣದ ಗೋಡೆಗಳೆಲ್ಲ ಬಿಳಿ. ನೆರೆಮನೆಯವರ ಬಾಗಿಲು ಹಸಿರಲ್ಲವಂತೆ, ನೀಲಿಯಂತೆ. ದಾರಿಯಲ್ಲಿ ಕಂಡವರಿಗೆಲ್ಲ "ನಿಮ್ಮ ಅಂಗಿ ಚೆನ್ನಾಗಿದೆ" ಎನ್ನುತ್ತ ಬಂದೆ. ಮಗಳು ನಾಚಿ ರಸ್ತೆಯ ಆ ಬದಿಗೆ ಹೋದಳು.

ಸಂಜೆ ಕಂಪ್ಯೂಟರ್ ತೆರೆದೆ. ನಮ್ಮ ಪುಟ ಬಂತು. "ಬಾ ಇಲ್ಲಿ, ಯಾರೋ ನಮ್ಮ ಸೈಟಿಗೆ ಕೈ ಹಾಕಿ ಕೆಡಿಸಿದ್ದಾರೆ" ಎಂದು ಕೂಗಿದೆ. ಇಡೀ ನೀಹಾರಿಕೆ ಮಸಿದೌತಿಯಲ್ಲಿ ಬಿದ್ದು ಎದ್ದ ಹಾಗಿತ್ತು. ಅದೂ ಸಾಲದೆಂದು ಒಳಗಿನಿಂದ ಯಾರೋ ದೀಪ ಹಿಡಿದ ಹಾಗೆ ಕಣ್ಣು ಕುಕ್ಕುತ್ತಿತ್ತು.

"ಕೈ ಹಾಕಿದ್ದು ನೀವೇ ಅಪ್ಪಾ."

"ನಾನಾ?"

"ಮೊದಲ ದಿನದಿಂದ ಹೀಗೇ ಇದೆ."

ಮಾರನೆಯ ದಿನ ಅಸಲು ಚಿತ್ರ ತೆರೆದು ನೋಡಿದೆ. ಎಷ್ಟು ಚೆಂದವಿದೆಯೇ ಗುಬ್ಬಿ. ಟೀಚರಮ್ಮನಿಗೆ ಕ್ಷಮೆ ಕೇಳಿದಂತೆ ಹೇಳಿದೆ, ವಿಜ್ಞಾನಿಗಳ ಬಣ್ಣವನ್ನು ತಿದ್ದಿಬಿಟ್ಟೆನಮ್ಮ ಎಂದು. ಅವಳು ನಕ್ಕು ಇನ್ನೊಂದು ಪುಟ ತೋರಿಸಿದಳು. ದೂರದರ್ಶಕದಿಂದ ಚಿತ್ರ ಬರುವುದು ಕಪ್ಪು ಬಿಳುಪಿನಲ್ಲಂತೆ. ಒಂದೊಂದು ಬಗೆಯ ಬೆಳಕಿಗೆ ಒಂದೊಂದು ಜರಡಿ ಹಿಡಿದು ಬೇರೆ ಬೇರೆ ತೆಗೆಯುತ್ತಾರೆ. ಆಮೇಲೆ ಒಬ್ಬರು ಕುಳಿತು ಇದಕ್ಕೆ ಕೆಂಪು, ಇದಕ್ಕೆ ಹಸಿರು, ಇದಕ್ಕೆ ನೀಲಿ ಎಂದು ಬಣ್ಣ ಕೊಟ್ಟು ಒಂದರ ಮೇಲೊಂದು ಹಾಕುತ್ತಾರೆ. ಅಂದರೆ ಅಲ್ಲಿಯೂ ಒಬ್ಬ ಬಣ್ಣದವನಿದ್ದಾನೆ. ಮೈ ಲರ್ನೆಡ್ ಫ್ರೆಂಡ್.

ಈಗ ಕಷ್ಟ ಏನೆಂದರೆ, ಮ್ಯಾನೇಜರಿಗೆ ಬೇಕಾದದ್ದು ಅಸಲಲ್ಲ. ನಾನು ಪೊರೆಗಣ್ಣಿನಲ್ಲಿ ಸುರಿದ ಆ ನೀಲಿಯೇ. ಬೇರೆ ತೋರಿಸಿದರೆ ತಲೆ ಅಲ್ಲಾಡಿಸುತ್ತಾರೆ. ಅದ್ದಿದ ತುಂಡುಗಳು ಹಗ್ಗದ ತುಂಬ ನೇತಾಡುತ್ತಿವೆ, ಒಂದೂ ಅದರ ಹತ್ತಿರ ಸುಳಿಯುತ್ತಿಲ್ಲ. ನಾಲ್ಕು ತುಂಡು ಪಿನ್ನು ಚುಚ್ಚಿ ಇಟ್ಟಿದ್ದೇನೆ, ನೋಡು.

ಎಡಗಣ್ಣನ್ನು ಮುಂದಿನ ತಿಂಗಳಿಗೆ ಎಂದಿದ್ದಾರೆ. ಪರದೆ ಮುಗಿಯುವವರೆಗೆ ತಡೆಯಿರಿ ಎಂದೆ.

ಅರ್ಧ ಹೊಸಬನಾದ,
ಭಾವ

*

ಏಪ್ರಿಲ್ 18

ಭಾವ,

ಎರಡು ಸಲ ಓದಿದೆ, ಬಿಳಿ ಏಪ್ರನ್ನಿನ ಭಾಗವನ್ನು ಇನ್ನೂ ಒಂದು ಸಲ.

ತುಂಡುಗಳು ಒಳ್ಳೆಯವೇ, ಆದರೆ ನೀವು ಆಗದ್ದಕ್ಕೆ ಹೊರಟಿದ್ದೀರಿ. ಸ್ಕ್ರೀನಿನ ನೀಲಿ ತನ್ನ ಬೆಳಕನ್ನು ತಾನೇ ತರುತ್ತದೆ. ಕಾಗದಕ್ಕೂ ಬಟ್ಟೆಗೂ ಬೇರೆಯವರು ಬೆಳಕು ಕೊಡಬೇಕು. ನಮ್ಮಲ್ಲಿ ದಿನಾ ಯಾರಾದರೂ ಬಂದು "ಸ್ಕ್ರೀನಲ್ಲಿ ಇದ್ದ ಹಾಗೆ ಅಚ್ಚು ಹಾಕಿ" ಎಂದು ಕೂರುತ್ತಾರೆ, ಅವರಿಗೆ ಚಹಾ ಕೊಟ್ಟು ಸಮಾಧಾನ ಮಾಡುವುದೇ ನನ್ನ ಅರ್ಧ ಕೆಲಸ.

ಆದರೆ ಒಂದು ಪ್ರಶ್ನೆ. ನೀವು ಎಂದಿನಂತೆ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೀರಿ. ಆ ಪರದೆ ಯಾವತ್ತಾದರೂ ಬಿಸಿಲು ಕಾಣುತ್ತದೆಯೇ? ಅದಕ್ಕೆ ಬೀಳುವುದು ರಂಗದ ದೀಪ ಮಾತ್ರ. ತುಂಡುಗಳನ್ನೆಲ್ಲ ಕಟ್ಟಿಕೊಂಡು ಮಂದಿರಕ್ಕೆ ಹೋಗಿ, ಅವರ ದೀಪ ಹಾಕಿಸಿ ನೋಡಿ.

ಎಡಗಣ್ಣನ್ನು ಪರದೆಗಾಗಿ ಮುಂದಕ್ಕೆ ಹಾಕಿದ್ದೀರಿ ಎಂದು ಬರೆದಿದ್ದೀರಿ. ಪರದೆ ಮುಗಿಯುವವರೆಗೆ ನಂಬಿರುತ್ತೇನೆ.

ಗುಬ್ಬಿ

*

ಜೂನ್ 1

ಪ್ರೀತಿಯ ಗುಬ್ಬಿ,

ಪರದೆ ಏರಿತು. ಡಬ್ಬಿ ಕಂಪನಿಯವರಿಗೆ ಮಗಳು ಬೇರೆ ಜಾಗ ನೋಡಿಕೊಳ್ಳಿ ಎಂದು ಹೇಳಿದಳು, ಎಷ್ಟು ಮರ್ಯಾದೆಯಿಂದ ಹೇಳಿದಳೆಂದರೆ ಅವರೇ ಅವಳಿಗೆ ಧನ್ಯವಾದ ಹೇಳಿದರು. ಇದು ಹೇಗಾಯಿತು ಎಂದು ಕ್ರಮವಾಗಿ ಬರೆಯಬೇಕು, ನನಗೆ ಕ್ರಮ ಬರುವುದಿಲ್ಲ, ಆದರೂ ಬರೆಯುತ್ತೇನೆ.

ನಿನ್ನ ಮಾತಿನಂತೆ ತುಂಡುಗಳ ಗಂಟು ಹೊತ್ತು ಮಂದಿರಕ್ಕೆ ಹೋದೆವು. ಖಾಲಿ ಮಂದಿರ, ಕುರ್ಚಿಗಳಿಗೆಲ್ಲ ಬಟ್ಟೆ ಹೊದಿಸಿದ್ದಾರೆ, ಮೇಲಿನಿಂದ ತಣ್ಣನೆ ಗಾಳಿ ಬಿಡುತ್ತಾರೆ. ನನಗೆ ನಡುಕ ಬಂತು. ಮಗಳು ಇದು ಗೊತ್ತಿದ್ದೇ ಏನೋ, ಚೀಲದಿಂದ ಒಂದು ಶಾಲು ತೆಗೆದು ಕತ್ತಲಲ್ಲಿ ನನ್ನ ಹೆಗಲಿಗೆ ಹಾಕಿದಳು. ಮುಟ್ಟಿದ ಕೂಡಲೇ ತಿಳಿಯಿತು, ನಿನ್ನಕ್ಕನದು. "ಒಂದು ಕಪ್ಪು ಶಾಲು ಮಾಡಿಕೊಡಿ, ಎಲ್ಲಕ್ಕೂ ಹೊಂದುತ್ತೆ" ಎಂದು ಅವಳು ಕೇಳಿದಾಗ ನಾನೇ ಅದ್ದಿಕೊಟ್ಟದ್ದು. ಕೊನೆಯ ವರ್ಷವೆಲ್ಲ ಅದನ್ನೇ ಹೊದ್ದಳಲ್ಲ, ಆಸ್ಪತ್ರೆಯಲ್ಲಿ ಕೂಡ.

ದೀಪದವನು ರಂಗದ ನೀಲಿ ದೀಪ ಹಾಕಿದ. ನಾನು ವೇದಿಕೆಯ ಮೇಲೆ ನಿಂತು ಒಂದೊಂದೇ ತುಂಡು ಎತ್ತಿ ಹಿಡಿದೆ. ಮ್ಯಾನೇಜರು ಕೆಳಗೆ ಕುಳಿತು ಉಹೂಂ, ಉಹೂಂ ಎನ್ನುತ್ತಿದ್ದರು. ಗಂಟು ಮುಗಿಯುತ್ತ ಬಂತು. ಕೊನೆಯ ತುಂಡಿಗೂ ಮೊದಲು ಅವರು ಎದ್ದು ನಿಂತರು.

"ಅದೇ. ಅದೇ ಬಣ್ಣ."

"ಇದಾ?" ಎಂದು ತುಂಡು ಎತ್ತಿದೆ.

"ಅದಲ್ಲ ಸ್ವಾಮಿ, ನೀವು ಹೊದ್ದಿರೋದು."

"ಇದು ಕಪ್ಪು ಶಾಲು."

"ಕಪ್ಪಾ?" ಎಂದು ಅವರು ದೀಪದವನನ್ನು ನೋಡಿದರು. ದೀಪದವನು ನನ್ನ ಮಗಳನ್ನು ನೋಡಿದ. ಮಗಳು ತನ್ನ ಚಪ್ಪಲಿ ನೋಡಿಕೊಂಡಳು.

ತಲೆ ಬಗ್ಗಿಸಿ ನೋಡಿದೆ. ನಮ್ಮ ವೆಬ್‌ಸೈಟಿನ ನೀಲಿ, ಅದೇ ಕಣ್ಣು ಕುಕ್ಕುವ ನೀಲಿ, ನನ್ನ ಎದೆಯ ಮೇಲೆ ಉರಿಯುತ್ತಿತ್ತು. ಹಿಂಬಾಗಿಲಿನಿಂದ ಹೊರಗೆ ಹೋದೆ. ಬಿಸಿಲಿಗೆ ಹಿಡಿದರೆ ಶಾಲು ನೇರಳೆ. ಬದನೆಕಾಯಿಯ ನೇರಳೆ. ಬಲಗಣ್ಣು ಮುಚ್ಚಿಕೊಂಡರೆ ಕಪ್ಪು. ಎಡಗಣ್ಣು ಮುಚ್ಚಿಕೊಂಡರೆ ನೇರಳೆ. ಮಗಳು ಪಕ್ಕಕ್ಕೆ ಬಂದು ನಿಂತು "ಅಪ್ಪಾ, ರಸ್ತೆಯಲ್ಲಿ ಹೋಗೋರಿಗೆಲ್ಲ ಕಣ್ಣು ಹೊಡೀತಿದ್ದೀರಿ, ಒಳಗೆ ಬನ್ನಿ" ಎಂದಳು.

ಶಾಲು ಅದ್ದುವಾಗ ಬಣ್ಣದ ಡಬ್ಬಿಗಳು ಪಕ್ಕಪಕ್ಕದಲ್ಲಿದ್ದವು, ಕಪ್ಪಿನ ಬದಲು ನೇರಳೆ ಎತ್ತಿದ್ದೇನೆ. ಅಷ್ಟೇ ನಡೆದದ್ದು.

ಆಮೇಲಿನದು ಸುಲಭ, ಅಥವಾ ಹಾಗೆ ಅನ್ನಿಸಿತು. ಶಾಲನ್ನು ಎದುರಿಗಿಟ್ಟುಕೊಂಡು ಹದ ಹಿಡಿದೆವು. ದೊಡ್ಡ ತೊಟ್ಟಿಗಳೆರಡರಲ್ಲೂ ಹಬೆ ಎದ್ದಿತು, ನಾನು ಹದ ಹೇಳುವುದು, ಮಗಳು ನೋಡುವುದು, ಈಗ ಪೊರಕೆ ಇಲ್ಲದೆ ರಾಜಾರೋಷವಾಗಿ. ಅದ್ದಿದ ಪಟ್ಟಿಗಳನ್ನು ಅಂಗಳದಲ್ಲಿ ಒಣಗಲು ಹಾಕಿದ ದಿನ ಮ್ಯಾನೇಜರು ಬಂದರು. ಬಿಸಿಲಿನಲ್ಲಿ ಅಂಗಳದ ತುಂಬ ಬದನೆಕಾಯಿ. ಅವರ ಸಣ್ಣ ಧ್ವನಿ ಇನ್ನೂ ಸಣ್ಣಗಾಯಿತು.

"ಇದು ನೇರಳೆ."

"ಹೌದು ಸ್ವಾಮಿ."

"ಶಾಲು ಆ ದಿನ ನೀಲಿ ಇತ್ತು."

"ಶಾಲೂ ನೇರಳೆಯೇ. ನಿಮ್ಮ ದೀಪ ಅದನ್ನ ನೀಲಿ ಮಾಡುತ್ತೆ. ಏರಿಸಿ ನೋಡಿ. ಹೊಂದದಿದ್ರೆ ನಾನೇ ಇಳಿಸಿ ತಗೊಂಡು ಹೋಗ್ತೀನಿ."

ಅವರು ನನ್ನ ಮಗಳ ಮುಖ ನೋಡಿದರು. ಅವಳು "ಅಪ್ಪ ಈಗ ಸರಿಯಾಗಿ ನೋಡ್ತಾರೆ" ಎಂದಳು. ಆ ಒಂದು ಮಾತಿನ ಮೇಲೆ ಪರದೆ ಏರಿತು.

ಮೊದಲ ಪ್ರದರ್ಶನಕ್ಕೆ ನಮ್ಮಿಬ್ಬರಿಗೂ ಮುಂದಿನ ಸಾಲು. ಮಂದಿರದ ದೀಪಗಳು ಆರಿ ರಂಗದ ದೀಪ ಬಿದ್ದಿತು. ಜನ ಮಾತು ನಿಲ್ಲಿಸಿದರು. ನಾಟಕ ಇನ್ನೂ ಶುರುವಾಗಿರಲಿಲ್ಲ, ಬರೀ ಪರದೆಗೆ. ಹಿಂದಿನ ಸಾಲಿನಲ್ಲಿ ಒಬ್ಬರು "ಇದರ ಆಚೆ ಏನೂ ಇಲ್ದಿದ್ರೂ ನಡೆಯುತ್ತೆ" ಎಂದರು. ಮ್ಯಾನೇಜರು ದೂರದ ಬಾಗಿಲಲ್ಲಿ ನಿಂತು ನನ್ನ ಕಡೆಗೆ ಒಂದು ಸಲ ತಲೆ ಬಗ್ಗಿಸಿದರು. ನಾಟಕ ಹೇಗಿತ್ತು ಎಂದು ಕೇಳಬೇಡ. ಅವರು ಪರದೆ ಯಾವಾಗ ಇಳಿಸುತ್ತಾರೆ ಎಂದು ಕಾಯುತ್ತ ಕೂತಿದ್ದೆ.

ವೆಬ್‌ಸೈಟನ್ನು ತಿದ್ದಿದ್ದೇನೆ. ಮೇಲೆ ಅಸಲು ನೀಹಾರಿಕೆ, ಗುಂಡಿ ಮುಟ್ಟಿಲ್ಲ. ಅದರ ಕೆಳಗೆ ಮೂರು ಕಪ್ಪು ಬಿಳುಪು ಚಿತ್ರಗಳು, ಬಣ್ಣ ಕೊಡುವ ಮೊದಲು ಇದ್ದ ಹಾಗೆ. ಕೆಳಗೆ ಆ ಸಂಸ್ಥೆಯ ಹೆಸರು, ಲಾಂಛನವಿಲ್ಲದೆ. ಬಣ್ಣ ಹಾಕುವುದೆಂದರೆ ಏನು ಎಂದು ಗಿರಾಕಿಗಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ. ಈಗ ದಿನಕ್ಕೊಬ್ಬರಾದರೂ ಬಂದು ಹಾಸಿಗೆಯ ಹೊದಿಕೆಗೆ ಆ ಪರದೆಯ ಬಣ್ಣ ಬೇಕು ಎನ್ನುತ್ತಾರೆ. ಜೊತೆಗೆ ರಂಗದ ದೀಪವನ್ನೂ ಕೊಳ್ಳಬೇಕಾಗುತ್ತದೆ ಎಂದು ಹೇಳಿ ಕಳಿಸುತ್ತಿದ್ದೇನೆ.

ಪರದೆ ಮುಗಿಯಿತು. ನೀನು ನಂಬುವುದೂ ಮುಗಿದಿರಬೇಕು. ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು, ನೆಗಡಿ ಎಂದೆ, ಕೆಮ್ಮು ಎಂದೆ. ಆ ಶಾಲು ಈಗ ನನ್ನ ಕುರ್ಚಿಯ ಬೆನ್ನಿಗಿದೆ. ಎಡಗಣ್ಣಿನಲ್ಲಿ ನೋಡಿದರೆ ನಾನು ಅವಳಿಗೆ ಕೊಟ್ಟೆ ಎಂದುಕೊಂಡದ್ದು ಕಾಣುತ್ತದೆ. ಆ ಕಣ್ಣಿನ ಪೊರೆಯನ್ನೂ ತೆಗೆಸಿಬಿಟ್ಟರೆ ಅವಳು ಕೇಳಿದ ಕಪ್ಪು ಶಾಲು ಎಲ್ಲಿಯೂ ಇರುವುದಿಲ್ಲ. ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದಳು ಗುಬ್ಬಿ, ಅದನ್ನೂ ಸರಿಯಾಗಿ ಕೊಡಲಿಲ್ಲ.

ಯುವರ್ಸ್, ಮುಂದೇನು ಬರೆಯಬೇಕೋ ಅದು,
ಭಾವ

*

ಜೂನ್ 6

ಭಾವ,

ಪರದೆಯ ವಿಷಯಕ್ಕೆ ಇನ್ನೊಂದು ಸಲ ಬಿಸ್ಕತ್ತು ಹಂಚಿದೆ. ಯಜಮಾನರು ನಿಮ್ಮ ಮೂರು ಕಪ್ಪು ಬಿಳುಪು ಚಿತ್ರಗಳನ್ನು ನೋಡಿ, ಒಂದೊಂದು ಬಣ್ಣವನ್ನು ಬೇರೆ ಬೇರೆ ಒತ್ತುವ ನಮ್ಮ ಮೆಷಿನ್ನಿನ ಕೆಲಸವನ್ನು ಹೊಸಬರಿಗೆ ಹೇಳಿಕೊಡಲೂ ಇದು ಸಾಕು ಎಂದರು. ಯಾರನ್ನೂ ಕೇಳಬೇಕಾಗಿಲ್ಲ ಎಂದು ನಾನೇ ಹೇಳಿದೆ.

ಇನ್ನು ಶಾಲು. ನಾನು ಬರೆಯದೆ ಇಟ್ಟುಕೊಂಡಿದ್ದ ಒಂದು ಮಾತಿದೆ, ಅಕ್ಕ ಬೇಡ ಎಂದಿದ್ದಳು.

ಅದನ್ನು ಅವಳು ಮೊದಲ ಸಲ ಹೊದ್ದುಕೊಂಡಿದ್ದಾಗ ನಾನು ನಿಮ್ಮ ಮನೆಗೆ ಬಂದಿದ್ದೆ. ನೀವು ಕೆಳಗೆ ತೊಟ್ಟಿಯ ಹತ್ತಿರ ಇದ್ದಿರಿ. "ಕಪ್ಪು ಬೇಕು ಅಂದಿದ್ದೆಯಲ್ಲೇ" ಎಂದೆ.

"ಅವರ ಲೆಕ್ಕದಲ್ಲಿ ಇದು ಕಪ್ಪು."

"ಹೇಳ್ಲಿಲ್ವಾ?"

"ಹೇಳಿದ್ರೆ ತೊಟ್ಟಿಗೆ ಹಾಕಿ ಕಪ್ಪು ಮಾಡಿಬಿಡ್ತಾರೆ. ಸುಮ್ನಿರು. ಹುಟ್ಟಿದಾರಭ್ಯ ಎಲ್ಲಕ್ಕೂ ಹೊಂದೋದನ್ನೇ ಉಟ್ಟಿದ್ದೀನಿ. ಇದು ಯಾವುದಕ್ಕೂ ಹೊಂದಲ್ಲ ನೋಡು, ಎಷ್ಟು ಚೆನ್ನಾಗಿದೆ."

ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದಳು ಭಾವ, ಆ ನಿತ್ರಾಣದಲ್ಲಿ. ಸ್ವಲ್ಪ ಗುಣವಾದ ಮೇಲೆ ನಿಮ್ಮನ್ನು ಕಣ್ಣಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಬಾಯಿ ಬಿಡಬೇಡ ಎಂದಳು. ಅವಳಿಗೆ ಗುಣವಾಗಲಿಲ್ಲ. ನಾನು ಬಾಯಿ ಬಿಡಲಿಲ್ಲ, ಆ ಮನೆಗೆ ಬರಲೂ ಕಾಲು ಏಳಲಿಲ್ಲ.

ಕಪ್ಪು ಶಾಲು ಇದ್ದದ್ದು ನಿಮ್ಮ ಒಂದು ಕಣ್ಣಿನಲ್ಲಿ ಮಾತ್ರ. ಅವಳು ಹೊದ್ದದ್ದು, ಮೆರೆದದ್ದು ನೇರಳೆ. ಎರಡೂ ಕಣ್ಣಿನಿಂದ ಅದನ್ನೇ ನೋಡಿ.

ಗುರುವಾರ ಬರುತ್ತಿದ್ದೇನೆ. ಶುಕ್ರವಾರ ಆಸ್ಪತ್ರೆ, ನಾನೇ ಕರೆದುಕೊಂಡು ಹೋಗುತ್ತೇನೆ. ನೆಗಡಿ, ಕೆಮ್ಮು ಏನಿದ್ದರೂ ಬುಧವಾರದೊಳಗೆ ಮುಗಿಸಿಕೊಳ್ಳಿ.

ಗುಬ್ಬಿ